ಒಣಮರ ಎಂದು ಬರೆದವನ ಎರಡು ಮಾತು

ಈ ಶಾಲಾ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿ, ಬೆಳಗ್ಗೆಯಿಂದ ಒಮ್ಮೆಯೂ ಕುರ್ಚಿಯಲ್ಲಿ ಕೂರದೆ ಶಾಮಿಯಾನದ ಹಗ್ಗ ಎಳೆಯುತ್ತಲೇ ಇರುವ ಎಸ್‌ಡಿಎಂಸಿ ಅಧ್ಯಕ್ಷರಾದ ಶ್ರೀ ಶಿವಯ್ಯನವರೇ, ಮೈಸೂರಿನಿಂದ ದಯಮಾಡಿಸಿರುವ ನಮ್ಮ ಕಂಪನಿಯ ವ್ಯವಸ್ಥಾಪಕರಾದ ಶ್ರೀ ರಂಗರಾಜು ಸಾರ್ ಅವರೇ, ಮುಖ್ಯ ಶಿಕ್ಷಕಿಯವರಾದ ನಾಗಶ್ರೀ ಮೇಡಂ ಅವರೇ, ಇಂದಿನ ಸನ್ಮಾನಿತರೂ ಈ ಶಾಲೆಯ ನೆರೆಮನೆಯವರೂ ಆದ ಶ್ರೀಮತಿ ರಾಚಮ್ಮನವರೇ, ಶಿಕ್ಷಕ ಬಂಧುಗಳೇ, ಮುದ್ದು ಮಕ್ಕಳೇ, ಬಂಡಳ್ಳಿ ಕಡೆಯಿಂದಲೂ ಕೌದಳ್ಳಿ ಕಡೆಯಿಂದಲೂ ಬಸ್ಸು ಹಿಡಿದು ಬಂದಿರುವ ನೆಂಟರಿಷ್ಟರೇ, ಸಭಿಕರೇ.

ನನ್ನ ಹೆಸರು ದೇವರಾಜ್. ಕೊಳ್ಳೇಗಾಲದವನು. ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ರೇಷ್ಮೆ ಸೀರೆ ನೇಯುತ್ತಾರೆ. ಐದನೆಯ ತಲೆಮಾರಿನಲ್ಲಿ ನಾನು ಹುಟ್ಟಿ, ಮಗ್ಗದ ಮುಂದೆ ಕೂರುವ ಬದಲು ಕಂಡವರ ಮಾಳಿಗೆ ಹತ್ತಿ ಇಂಟರ್ನೆಟ್ ಡಿಶ್ ಕಟ್ಟುವವನಾದೆ. ಈ ಊರಿನ ಮಕ್ಕಳಿಗೆ ನಾನು ‘ನೆಟ್ ಸಾ’. ನೆಟ್ ಬಾರದ ದಿನ ಏನೆಂದು ಕರೆಯುತ್ತಾರೋ ಗೊತ್ತಿಲ್ಲ. ಅದು ಕಿವಿಗೆ ಬೀಳಬಾರದೆಂದೇ ಈಚೀಚೆಗೆ ಹೆಲ್ಮೆಟ್ ಹಾಕಿಕೊಂಡೇ ಬೈಕ್ ಇಳಿಯುತ್ತೇನೆ.

ನಾಗಶ್ರೀ ಮೇಡಂ ನನಗೆ ವಿಷಯವನ್ನೂ ಕೊಟ್ಟಿದ್ದಾರೆ, ಸಮಯವನ್ನೂ ಕೊಟ್ಟಿದ್ದಾರೆ. ವಿಷಯ: ‘ಹತ್ತಿರದ ವೈರ್‌ಲೆಸ್ ಇಂಟರ್ನೆಟ್ ಮತ್ತು ದೂರದ ವೈರ್‌ಲೆಸ್ ಇಂಟರ್ನೆಟ್, ಒಂದು ಹೋಲಿಕೆ’. ಸಮಯ: ಇಪ್ಪತ್ತು ನಿಮಿಷ. ಮಕ್ಕಳಿಗೆ ಪರೀಕ್ಷೆಗೂ ಉಪಯೋಗವಾಗಬೇಕು ಎಂದಿದ್ದಾರೆ. ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದೇನೆ. ನಡುವೆ ಹಾಳೆ ಬಿಟ್ಟು ಮಾತಾಡಿದರೆ ಕ್ಷಮಿಸಬೇಕು. ನನ್ನ ಮನಸ್ಸು ಇವತ್ತು ಈ ಹಾಳೆಯ ಮೇಲಿಲ್ಲ. ಎಡಗಡೆ ಕಾಂಪೌಂಡಿನಾಚೆ ನಿಂತಿರುವ ಬಾಗೆ ಮರದ ಮೇಲಿದೆ.

ನಿಮಗೆಲ್ಲ ಗೊತ್ತೇ ಇದೆ, ನಾಳೆ ಬೆಳಗ್ಗೆ ಆರು ಗಂಟೆಗೆ ಆ ಮರ ಕಡಿಯುತ್ತಾರೆ. ಹನೂರಿನ ಕಡೆ ಇರುವ ನಮ್ಮ ಟವರಿಗೂ ಈ ಶಾಲೆಗೂ ನಡುವೆ ಅದು ಅಡ್ಡ ನಿಂತಿದೆ. ಮರ ರಾಚಮ್ಮನವರದು. ಶಾಲೆಗೆ ಇಂಟರ್ನೆಟ್ ಬರಲಿ ಎಂದು ಮರವನ್ನೇ ಬಿಟ್ಟುಕೊಟ್ಟರು ಅನ್ನುವುದಕ್ಕಾಗಿಯೇ ಇವತ್ತು ಅವರಿಗೆ ಶಾಲು, ಹಾರ, ಗಾಜಿನ ಚೌಕಟ್ಟು ಹಾಕಿಸಿದ ಮಾನಪತ್ರ. ಮರ ಅಡ್ಡ ಇದೆ ಎಂದು ವರದಿ ಬರೆದುಕೊಟ್ಟವನು ನಾನು. ಇರಲಿ. ವಿಷಯಕ್ಕೆ ಬರುತ್ತೇನೆ.

ಮಕ್ಕಳೇ, ಹತ್ತಿರದ ವೈರ್‌ಲೆಸ್ ಎಂದರೆ ಯಾವುದು? ವೈಫೈ. ಮನೆಯ ಮೂಲೆಯಲ್ಲಿ ಒಂದು ಡಬ್ಬಿ ಇಡುತ್ತೇವೆ, ಅದಕ್ಕೆ ಎರಡು ಕೊಂಬು. ಅದು ನಾಲ್ಕೂ ದಿಕ್ಕಿಗೆ ಸಮನಾಗಿ ಮಾತಾಡುತ್ತದೆ. ಯಾರು ಎಲ್ಲಿ ಕೂತಿದ್ದಾರೆ ಎಂದು ಅದು ಕೇಳುವುದಿಲ್ಲ. ನೀವು ನಡುಮನೆಯಲ್ಲಿರಿ, ಜಗಲಿಯಲ್ಲಿರಿ, ಮಂಚದ ಕೆಳಗೆ ಅಡಗಿರಿ, ಹುಡುಕಿಕೊಂಡು ಬರುತ್ತದೆ. ಆದರೆ ನೂರಡಿ ದಾಟಿದರೆ ಉಸಿರು ನಿಲ್ಲುತ್ತದೆ. ದಪ್ಪ ಗೋಡೆ ಸಿಕ್ಕರಂತೂ ಅಲ್ಲಿಗೇ ಮುಗಿಯಿತು.

ದಪ್ಪ ಗೋಡೆ ಎಂದಾಗ ನಮ್ಮ ತಂದೆಯವರ ನೆನಪಾಗುತ್ತದೆ. ಸುಬ್ಬಯ್ಯ ಎಂದು ಅವರ ಹೆಸರು, ಎಪ್ಪತ್ತನಾಲ್ಕು ವರ್ಷ, ಈಗಲೂ ದಿನಕ್ಕೆ ಐದು ಗಂಟೆ ನೇಯುತ್ತಾರೆ. ನಮ್ಮ ಮಗ್ಗದ ಮನೆಯದು ಎರಡಡಿ ದಪ್ಪದ ಮಣ್ಣಿನ ಗೋಡೆ. ನಡುಮನೆಯ ವೈಫೈ ಆ ಗೋಡೆ ದಾಟುವುದಿಲ್ಲ. ಯಳಂದೂರಿನಲ್ಲಿರುವ ನಮ್ಮಕ್ಕ ದಿನಾ ಹನ್ನೊಂದು ಗಂಟೆಗೆ ವಿಡಿಯೋ ಕಾಲ್ ಮಾಡುತ್ತಾಳೆ. ಆಗ ಅಪ್ಪ ಮಗ್ಗದಿಂದೆದ್ದು, ಒಂದು ಕಾಲು ಮಗ್ಗದ ಮನೆಯೊಳಗೆ, ಒಂದು ಕಾಲು ಹೊರಗೆ ಇಟ್ಟು, ಹೊಸ್ತಿಲ ಮೇಲೆ ನಿಂತೇ ಮಗಳ ಹತ್ತಿರ ಮಾತಾಡುತ್ತಾರೆ. ‘ನನ್ ಮಗ ಅನೂರಿಗೂ ನೆಟ್ಟು ಕೊಟ್ಟವ್ನೆ, ಬಂಡಳ್ಳಿಗೂ ಕೊಟ್ಟವ್ನೆ. ನಮ್ ಮನೆ ಮಗ್ಗದ ಗುಂಡಿ ಒಂದು ಅವ್ನ ಮ್ಯಾಪಲ್ಲಿಲ್ಲ ಕಣವ್ವ’ ಎಂದು ಮಗಳಿಗೆ ಹೇಳುವಾಗ ನನಗೆ ಕೇಳಿಸುವಷ್ಟೇ ಜೋರಾಗಿ ಹೇಳುತ್ತಾರೆ. ಗೋಡೆಯಾಚೆಗೆ ಇನ್ನೊಂದು ಚಿಕ್ಕ ಡಬ್ಬಿ ಇಟ್ಟರೆ ಮುಗಿಯಿತು, ಅರ್ಧ ಗಂಟೆ ಕೆಲಸ. ಎರಡು ವರ್ಷದಿಂದ ನಾನು ಅದನ್ನು ಮಾಡಿಲ್ಲ. ಯಾಕೆ ಮಾಡಿಲ್ಲ ಎಂದು ನನ್ನ ಹೆಂಡತಿ ರಮ್ಯಶ್ರೀ ಕೇಳಿದಾಗೆಲ್ಲ ನಾನು ಹನೂರಿಗೆ ಹೊರಟಿರುತ್ತೇನೆ. ಇದು ಹಾಳೆಯಲ್ಲಿಲ್ಲ, ಕ್ಷಮಿಸಿ.

ಈಗ ದೂರದ ವೈರ್‌ಲೆಸ್. ಇಲ್ಲಿ ಡಬ್ಬಿಯ ಬದಲು ಡಿಶ್. ಟವರಿನ ಮೇಲೊಂದು, ಶಾಲೆಯ ಮೇಲೊಂದು. ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ನಡುವೆ ಒಂಬತ್ತು ಕಿಲೋಮೀಟರು. ಅಷ್ಟು ದೂರ ಹೇಗೆ ಹೋಗುತ್ತದೆ? ನಾಲ್ಕು ದಿಕ್ಕಿಗೆ ಹಂಚಬೇಕಾದ ಶಕ್ತಿಯನ್ನೆಲ್ಲ ಒಂದೇ ದಿಕ್ಕಿಗೆ ಕೂಡಿಸಿ ಕಳಿಸುತ್ತದೆ, ಅದಕ್ಕೇ ಹೋಗುತ್ತದೆ. ಡಿಶ್ಶನ್ನು ಒಂದು ಬೆರಳಿನಷ್ಟು ಆಚೀಚೆ ತಿರುಗಿಸಿದರೆ ಸಿಗ್ನಲ್ಲು ಶಾಲೆ ಬಿಟ್ಟು ಕೆರೆ ಏರಿಯ ಮೇಲೆ ಬೀಳುತ್ತದೆ, ಅಲ್ಲಿ ಎಮ್ಮೆಗಳು ಯೂಟ್ಯೂಬ್ ನೋಡಬೇಕಾಗುತ್ತದೆ.

ಹೋದ ಸಲ ಬಂದಾಗ ಒಂದು ಮಗು ನನ್ನನ್ನು ಕೇಳಿತು: ‘ನೆಟ್ ಸಾ, ವೈಫೈ ಡಬ್ಬೀನೇ ದೊಡ್ದು ಮಾಡಿ ಟವರ್ ಮೇಲೆ ಮಡಗುದ್ರೆ ಆಗಲ್ವಾ?’ ಎಷ್ಟು ಒಳ್ಳೆಯ ಪ್ರಶ್ನೆ! ಟವರು ಎಷ್ಟು ಜೋರಾಗಿ ಬೇಕಾದರೂ ಕೂಗಬಹುದು ಮಗು. ಆದರೆ ನಿನ್ನ ಕೈಯಲ್ಲಿರುವ ಪುಟ್ಟ ಫೋನು ಅಷ್ಟೇ ಜೋರಾಗಿ ವಾಪಸ್ ಕೂಗಬೇಕಲ್ಲ? ಒಬ್ಬರು ಮಾತ್ರ ಕೂಗಿ ಇನ್ನೊಬ್ಬರ ದನಿ ವಾಪಸ್ ಕೇಳದಿದ್ದರೆ ಅದು ಸಂಪರ್ಕ ಅನ್ನಿಸಿಕೊಳ್ಳುವುದಿಲ್ಲ. ಅದಕ್ಕೇ ದೂರಕ್ಕೆ ಡಿಶ್, ಹತ್ತಿರಕ್ಕೆ ವೈಫೈ, ಎರಡೂ ಬೇಕು. ಇದನ್ನು ಬರೆದುಕೊಳ್ಳಿ, ಎರಡು ಅಂಕದ ಪ್ರಶ್ನೆಗೆ ಸಾಕು.

ಡಿಶ್ಶಿಗೆ ಒಂದು ದೌರ್ಬಲ್ಯ ಇದೆ. ಎರಡು ಡಿಶ್ಶುಗಳು ಒಂದರ ಮುಖ ಒಂದು ನೋಡುತ್ತಿರಬೇಕು. ನಡುವೆ ಏನೂ ಇರಬಾರದು, ಅದರಲ್ಲೂ ಎಲೆ ಇರಬಾರದು. ಎಲೆಯೊಳಗೆ ನೀರಿರುತ್ತದೆ, ನೀರು ಸಿಗ್ನಲ್ಲನ್ನು ಕುಡಿದುಬಿಡುತ್ತದೆ. ಬೋಳು ಕೊಂಬೆ ಆದರೆ ನುಸುಳಿ ಹೋಗುತ್ತದೆ, ಎಲೆ ತುಂಬಿದ ಮರ ಆದರೆ ಇಲ್ಲ. ಆದ್ದರಿಂದ ಡಿಶ್ ಕಟ್ಟುವ ಮೊದಲು ಸರ್ವೆ ಮಾಡುತ್ತೇವೆ. ದಾರಿಯಲ್ಲಿ ಏನಿದೆ, ಏನಿಲ್ಲ ಎಂದು ನೋಡಿ ಒಂದು ಫಾರಂ ತುಂಬುತ್ತೇವೆ.

ಈ ಶಾಲೆಯ ಸರ್ವೆ ಮಾಡಿದ್ದು ನಾನೇ. ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ಈ ಮಾಳಿಗೆ ಮೇಲೆ ನಿಂತು ನೋಡಿದೆ. ಎದುರಿಗೆ ಒಂದು ಮರ. ಒಂದು ಹಸಿರೆಲೆ ಇಲ್ಲ. ಒಣಗಿದ ಕಾಯಿಗಳು ಗಾಳಿಗೆ ಗಲಗಲ ಅನ್ನುತ್ತಿದ್ದವು. ನಾನು ಫಾರಂ ತೆಗೆದು, ‘ಅಡೆತಡೆ’ ಎಂಬ ಕಾಲಂನಲ್ಲಿ ಏನು ಬರೆದೆ ಗೊತ್ತೇ? ‘ಒಣಮರ ಒಂದಿದೆ. ತೊಂದರೆಯಿಲ್ಲ’ ಎಂದು ಬರೆದು ಸಹಿ ಹಾಕಿದೆ.

ನಗುತ್ತಿದ್ದೀರಿ. ನಗಬೇಕಾದ್ದೇ. ಬಾಗೆ ಮರ ಬೇಸಿಗೆಗೆ ಎಲೆ ಉದುರಿಸುತ್ತದೆ, ಮಳೆ ಬಿದ್ದರೆ ಚಿಗುರುತ್ತದೆ ಎನ್ನುವುದು ಈ ಶಾಲೆಯ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನಾನು ಮಗ್ಗದ ಮನೆಯಲ್ಲಿ ಹುಟ್ಟಿದವನು. ಹಸಿರು ನೂಲಿನಲ್ಲಿ ಏಳು ಬಗೆ ಹೇಳಬಲ್ಲೆ, ಗಿಳಿಹಸಿರು ಯಾವುದು, ಮಾವಿನೆಲೆ ಹಸಿರು ಯಾವುದು ಎಂದು ಕಣ್ಣುಮುಚ್ಚಿ ಹೇಳಬಲ್ಲೆ. ಸತ್ತ ಮರ ಯಾವುದು, ಬದುಕಿದ ಮರ ಯಾವುದು ಎಂದು ಮಾತ್ರ ತಿಳಿಯಲಿಲ್ಲ.

ಡಿಶ್ ಕಟ್ಟಿದೆವು. ನೆಟ್ ಬಂತು. ನಾಗಶ್ರೀ ಮೇಡಂ ಕೇಸರಿಬಾತ್ ಮಾಡಿಸಿದರು. ಅಷ್ಟರಲ್ಲಿ ಬೇಸಿಗೆ ರಜ ಬಂತು. ಜೂನ್ ಮೊದಲ ವಾರ ಶಾಲೆ ತೆರೆದರೆ ನೆಟ್ ಇಲ್ಲ. ಎರಡನೇ ವಾರ ನಾನು ಬಂದು ಮಾಳಿಗೆ ಹತ್ತಿ ನೋಡಿದೆ. ನನ್ನ ಒಣಮರ ಹಸಿರಾಗಿ, ಹೂವಾಗಿ, ಘಮ ಘಮ ಅನ್ನುತ್ತಾ ಎದುರಿಗೆ ನಿಂತಿತ್ತು. ಎಷ್ಟು ಚೆಂದ ಇತ್ತು ಎಂದರೆ, ಒಂದು ನಿಮಿಷ ಹಾಗೇ ನೋಡುತ್ತಾ ನಿಂತುಬಿಟ್ಟೆ.

ಅಲ್ಲೇ ಇಳಿದುಬಂದು ‘ತಪ್ಪಾಯಿತು’ ಎಂದಿದ್ದರೆ ಈ ಭಾಷಣವೇ ಇರುತ್ತಿರಲಿಲ್ಲ. ನಾನು ಹಾಗೆನ್ನಲಿಲ್ಲ. ಕಂಪನಿಗೆ ವರದಿ ಬರೆದೆ: ‘ಸರ್ವೆಯ ನಂತರ ಮರ ಬೆಳೆದು ಅಡ್ಡ ಬಂದಿದೆ.’ ಮೂರು ತಿಂಗಳಲ್ಲಿ ನಲವತ್ತಡಿ ಬೆಳೆದ ಮರವನ್ನು ಯಾರಾದರೂ ನೋಡಿದ್ದೀರಾ? ನಮ್ಮ ಕಂಪನಿ ನೋಡಿದೆ, ನನ್ನ ವರದಿಯಲ್ಲಿ. ರಂಗರಾಜು ಸಾರ್, ನೀವು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದೀರಿ. ದಯವಿಟ್ಟು ಇನ್ನೈದು ನಿಮಿಷ ಹಾಗೇ ನೋಡುತ್ತಿರಿ. ಇದನ್ನು ನಾನು ನಿಮಗೆ ಜೂನ್‌ನಲ್ಲೇ ಹೇಳಬೇಕಿತ್ತು.

ಆಮೇಲೆ ಏನೇನು ಮಾಡಿದೆ ಎಂಬುದನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ. ಮರ ಅಡ್ಡ ಇದ್ದರೆ ಮರದ ಮೇಲೇ ಡಿಶ್ ಕಟ್ಟಿದರೆ ಹೇಗೆ ಎಂದು ಹೊಳೆಯಿತು. ಕಟ್ಟಿಯೂ ಕಟ್ಟಿದೆ. ಆಷಾಢದ ಗಾಳಿ ಶುರುವಾಯಿತು. ಮರ ತೂಗಿದಂತೆ ನೆಟ್ಟೂ ತೂಗತೊಡಗಿತು. ಸ್ಮಾರ್ಟ್ ಕ್ಲಾಸಿನ ವಿಡಿಯೋದಲ್ಲಿ ಮೇಷ್ಟ್ರು ಬಾಯಿ ತೆರೆದರೆ ಮುಚ್ಚುವುದಕ್ಕೆ ಇನ್ನೊಂದು ಸಲ ಗಾಳಿ ಬೀಸಬೇಕಿತ್ತು. ಮರಕ್ಕೆ ಡಿಶ್ ಕಟ್ಟಿದ ದಿನ ಕೆಳಗೆ ನಿಂತು ನನ್ನ ಏಣಿ ಹಿಡಿದುಕೊಂಡಿದ್ದವರು ರಾಚಮ್ಮನವರು. ‘ಓದ್ ಸಲ ನೆಟ್ಟು ಬತ್ತಿತ್ತಲ್ಲ ಸಾ. ಮರ ಏನು ನೆನ್ನೆ ಬಂದು ನಿಂತ್ಕಂಡದಾ?’ ಎಂದು ಕೇಳಿದರು. ನಾನು ತಂತಿ ಬಿಗಿಯುತ್ತಲೇ ಇದ್ದೆ. ಈ ಮರ ಯಾರು ನೆಟ್ಟಿದ್ದು ಎಂದು ಮಾತು ಬದಲಾಯಿಸಿದೆ. ‘ನಾನೇ ಸಾ, ಮದ್ವೆ ಆದ್ ವರ್ಸ. ಅತ್ತೆ ಬೈದಾಗ ಓಗಿ ಕುಂತ್ಕಳಕೆ ನಂಗೊಂದ್ ಜಾಗ ಬೇಕಿತ್ತು. ಗಿಡ ಮರ ಆಗೋಷ್ಟ್ರಲ್ಲಿ ಅತ್ತೆನೇ ಬಂದು ಪಕ್ಕದಲ್ಲಿ ಕುಂತ್ಕಳರು’ ಎಂದು ನಕ್ಕರು. ಈಗ ಅದರ ಕೆಳಗೆ ಅವರ ಐದು ಮೇಕೆಗಳಿವೆ. ಮಧ್ಯಾಹ್ನ ನಿಮ್ಮಲ್ಲಿ ಅರ್ಧದಷ್ಟು ಮಕ್ಕಳು ಬಿಸಿಯೂಟದ ತಟ್ಟೆ ಹಿಡಿದು ಕೂರುವುದೂ ಅಲ್ಲೇ.

ಅದಾದ ಎರಡು ದಿನಕ್ಕೆ ನಮ್ಮ ಮೇಲಧಿಕಾರಿಗಳ ಫೋನ್ ಬಂತು. ಮರದ ನೆರಳಿನಲ್ಲೇ ನಿಂತು ಅವರಿಗೆ ವಿವರಣೆ ಕೊಟ್ಟೆ. ಆಮೇಲೆ ಮರ ಕಡಿಸುವ ಬಗ್ಗೆ ಪಂಚಾಯಿತಿಯಲ್ಲಿ ಮಾತಾಯಿತು, ಹನೂರಿನಲ್ಲಿ ಮಾತಾಯಿತು, ಕೊಳ್ಳೇಗಾಲದ ಆಫೀಸಿನಿಂದ ಕಾಗದ ಬಂತು. ಇಷ್ಟು ಜನರ ಹತ್ತಿರ ಮಾತಾಡಿದವನು, ಮರದ ಒಡತಿ ಮೂವತ್ತು ಹೆಜ್ಜೆ ದೂರದಲ್ಲಿದ್ದರೂ ಅವರ ಮನೆ ಬಾಗಿಲಿಗೆ ಒಂದು ದಿನವೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಕೊನೆಗೆ ಅವರೇ ಪಂಚಾಯಿತಿಗೆ ಬಂದು, ‘ಕಡ್ಕಳಿ’ ಎಂದು ಒಂದೇ ಮಾತು ಹೇಳಿ ಕಾಗದಕ್ಕೆ ರುಜು ಹಾಕಿ ಹೋದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆ ಚಪ್ಪಾಳೆಯ ಸದ್ದು ಇವತ್ತಿಗೂ ನನ್ನ ಕಿವಿಯಿಂದ ಹೋಗಿಲ್ಲ.

ಹೋದ ಭಾನುವಾರ ಅಪ್ಪ, ‘ಯಾರಿಗೋ ಸನ್ಮಾನ ಅಂತೆ, ಯಾಕಪ್ಪ?’ ಎಂದು ಕೇಳಿದರು. ಹೇಳಿದೆ. ಅವರು ಲಾಳಿ ನಿಲ್ಲಿಸಿ, ‘ನೀನು ನೋಡಿದ್ದು ಯಾವ ತಿಂಗ್ಳು?’ ಎಂದರು. ಮಾರ್ಚ್ ಎಂದೆ. ‘ಮಾರ್ಚಲ್ಲಿ ಬಾಗೆ ಮರದಲ್ಲಿ ಎಲೆ ಇರ್ತದೇನ್ಲಾ?’ ಎಂದು ನಗಲು ಶುರುಮಾಡಿದವರು ಕೆಮ್ಮು ಬರುವ ತನಕ ನಕ್ಕರು. ನಾನು ನಗಲಿಲ್ಲ. ನನ್ನ ಮುಖ ನೋಡಿ ಅವರ ನಗು ನಿಂತುಹೋಯಿತು. ‘ತಪ್ಪು ನಿಂದೇ ಅಂತ ನಿಂಗೆ ಮೊದ್ಲೇ ಗೊತ್ತಿತ್ತಾ?’ ಎಂದರು. ಹೌದೆಂದು ತಲೆಯಾಡಿಸಿದೆ. ಅಪ್ಪ ಮತ್ತೆ ನೇಯತೊಡಗಿದರು. ನನ್ನ ತಂದೆ ಬೈದರೆ ತಡೆದುಕೊಳ್ಳಬಲ್ಲೆ. ಅವರು ಸುಮ್ಮನೆ ನೇಯುತ್ತಿರುವುದನ್ನು ನೋಡಿಕೊಂಡು ನಿಲ್ಲಲು ಆಗಲಿಲ್ಲ.

ಆದ್ದರಿಂದ ಇವತ್ತು ಎಲ್ಲರಿಗಿಂತ ಮೊದಲೇ ಬಂದೆ. ಮೇಡಂ ಹತ್ತಿರ ನಿಜ ಹೇಳಿಬಿಡೋಣ ಎಂದು ಬಂದವನು, ಅವರು ಮಾನಪತ್ರದ ಗಾಜನ್ನು ಸೆರಗಿನಲ್ಲಿ ಒರೆಸುತ್ತಿರುವುದನ್ನು ನೋಡಿ ಬಾಗಿಲಿನಿಂದಲೇ ವಾಪಸ್ಸಾದೆ. ಕಾಲು ತಾನಾಗಿ ರಾಚಮ್ಮನವರ ಮನೆ ಕಡೆ ಹೋಯಿತು. ಅವರು ಮೇಕೆಗೆ ಸೊಪ್ಪು ಹಾಕುತ್ತಿದ್ದರು. ಬಾಯಿಗೆ ಬಂದದ್ದು ನನ್ನ ಕಸುಬಿನ ಮಾತೇ, ‘ಅಮ್ಮ, ಒಂದ್ಸಲ ನಿಮ್ಮ ಮಾಳಿಗೆ ಮೇಲೆ ಹತ್ತಲಾ?’ ಎಂದೆ. ‘ಅದುಕ್ಕೇನು ಕೇಳದು, ಅತ್ತಿ ಸಾ’ ಎಂದರು.

ಹತ್ತಿದೆ. ಅವರ ಮನೆ ಮರದ ಹಿಂದೆ ಇಲ್ಲ, ಪಕ್ಕಕ್ಕಿದೆ. ಮಾಳಿಗೆಯ ತುದಿಯಲ್ಲಿ ನಿಂತರೆ ನಮ್ಮ ಟವರು ಬೊಟ್ಟಿನಷ್ಟಾಗಿ ಕಾಣುತ್ತದೆ. ನಡುವೆ ಒಂದೆಲೆ ಇಲ್ಲ. ಓಡಿಹೋಗಿ, ಇವತ್ತು ನಾನು ತಂದಿದ್ದ ಕಂಪನಿ ಜೀಪಿನಲ್ಲಿದ್ದ ಡಿಶ್ ತಂದು, ಅವರ ಒನಕೆಗೆ ಕಟ್ಟಿ ತಿರುಗಿಸಿದೆ. ಸಿಗ್ನಲ್ ಬಂತು, ಶಾಲೆಗೆ ಮಾರ್ಚಿನಲ್ಲಿ ಬಂದದ್ದಕ್ಕಿಂತ ಚೆನ್ನಾಗಿ ಬಂತು. ಅಲ್ಲಿಂದ ಶಾಲೆಗೆ ನೂರಡಿಯೂ ಇಲ್ಲ, ವೈಫೈ ಧಾರಾಳವಾಗಿ ಮುಟ್ಟುತ್ತದೆ. ದೂರದ್ದು ಇವರ ಮಾಳಿಗೆ ತನಕ ಬರಲಿ, ಹತ್ತಿರದ್ದು ಅಲ್ಲಿಂದ ಶಾಲೆಗೆ ಹೋಗಲಿ. ಆರು ತಿಂಗಳ ಸಮಸ್ಯೆ, ಹನ್ನೊಂದು ನಿಮಿಷ ಹಿಡಿಯಿತು. ಮೇಡಂ, ನೀವು ಕೊಟ್ಟ ವಿಷಯದ ಹೋಲಿಕೆ ಇಷ್ಟೇ, ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ರಾಚಮ್ಮನವರು ಫೋನಿನಲ್ಲಿ ಓಡುತ್ತಿದ್ದ ವಿಡಿಯೋ ನೋಡಿದರು, ನನ್ನನ್ನು ನೋಡಿದರು. ‘ಅಂಗಾರೆ ಮರ ಉಳೀತದಾ ಸಾ?’ ಎಂದರು. ಉಳಿಯುತ್ತದೆ ಎಂದೆ. ಅವರು ಮಾಳಿಗೆಯ ಕಟ್ಟೆ ಹಿಡಿದುಕೊಂಡು ಹಾಗೇ ಕೂತರು. ಸೆರಗು ಬಾಯಿಗಿಟ್ಟುಕೊಂಡರು. ಅದುವರೆಗೂ ಆ ಮರದ ಬಗ್ಗೆ ಅವರು ಒಂದು ಹನಿ ಕಣ್ಣೀರು ಹಾಕಿದ್ದನ್ನು ಈ ಊರಿನಲ್ಲಿ ಯಾರೂ ನೋಡಿರಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ, ಒಣಮರ ಎಂದು ಬರೆದದ್ದು, ವರದಿಯಲ್ಲಿ ಸುಳ್ಳು ಹೇಳಿದ್ದು, ಎಲ್ಲ. ‘ಗೊತ್ತು ಸಾ’ ಎಂದರು. ಗೊತ್ತಿದ್ದರೆ ಯಾಕೆ ರುಜು ಹಾಕಿದಿರಿ ಎಂದು ಕೇಳಿದೆ. ಅವರು ಕೊಟ್ಟ ಉತ್ತರವನ್ನು ಈ ಸಭೆಯಲ್ಲಿ ಹೇಳಬೇಡಿ ಎಂದು ಕೇಳಿಕೊಂಡಿದ್ದಾರೆ. ‘ಕೊಂಬೆ ಸೊಲ್ಪ ಸವರಿಸ್ದೆ, ಸರಿ ಓಯ್ತು ಅನ್ನಿ. ಯಾಕ್ ನಿಮ್ ಎಸ್ರು ಕೆಡಿಸ್ಕತೀರಿ?’ ಎಂದು ನನಗೊಂದು ಸುಳ್ಳನ್ನೂ ಹೇಳಿಕೊಟ್ಟಿದ್ದಾರೆ. ರಾಚಮ್ಮನವರೇ, ತಲೆ ಅಲ್ಲಾಡಿಸಬೇಡಿ. ನಿಮ್ಮ ಮಾತು ಮೀರುತ್ತಿದ್ದೇನೆ, ಕ್ಷಮಿಸಿ.

ಮೇಲಧಿಕಾರಿಗಳ ಫೋನ್ ಬಂದ ದಿನ ನಾನು ವಿವರಣೆ ಕೊಟ್ಟೆ ಎಂದು ಆಗ ನಿಮಗೆ ಹೇಳಿದೆನಲ್ಲ, ಅದು ಪೂರ್ತಿ ನಿಜವಲ್ಲ. ನಾನು ಅತ್ತುಬಿಟ್ಟೆ. ನಲವತ್ತೊಂದು ವರ್ಷದ ಗಂಡಸು, ಮರಕ್ಕೆ ಒರಗಿಕೊಂಡು, ‘ಹೇಗಾದರೂ ಮಾಡಿ ನೆಟ್ ಬರಿಸ್ತೀನಿ, ಕೆಲಸದಿಂದ ತೆಗೀಬೇಡಿ ಸಾರ್’ ಎಂದು ಅತ್ತೆ. ಕಾಂಡದ ಆಚೆ ಪಕ್ಕದಲ್ಲಿ ರಾಚಮ್ಮನವರು ಮೇಕೆ ಕಟ್ಟುತ್ತಿದ್ದರು. ಇವತ್ತು ಮಾಳಿಗೆ ಮೇಲೆ ಹೇಳಿದರು: ‘ಕೇಳಿಸ್ಕಂಡಿದ್ದು ತಪ್ಪೇ ಸಾ. ಆದ್ರೆ ಕಿವಿಗೆ ಬಿದ್ಬುಡ್ತು. ಮರ ಓದ್ರೆ ಇನ್ನೊಂದ್ ಗಿಡ ನೆಡ್ತೀನಿ, ನಾನಿಲ್ದಿದ್ರೂವೆ ಅದು ಬೆಳ್ಕತದೆ. ನಿಮ್ ಕೆಲ್ಸ ಓದ್ರೆ ನೀವೇನ್ ನೆಡ್ತೀರಿ?’

ಸಭಿಕರೇ, ಆ ಮಾನಪತ್ರದಲ್ಲಿ ‘ಶಾಲೆಗಾಗಿ’ ಎಂದು ಅಚ್ಚಾಗಿದೆ. ಶಾಲೆಗಾಗಿ ಅಲ್ಲ. ಇಂಟರ್ನೆಟ್ಟಿಗಾಗಿಯೂ ಅಲ್ಲ. ಹೆಸರೂ ಸರಿಯಾಗಿ ಗೊತ್ತಿಲ್ಲದ, ಒಂದು ದಿನವೂ ಮನೆ ಬಾಗಿಲಿಗೆ ಬಾರದ, ಅವರ ಮರದ ಮೇಲೇ ಸುಳ್ಳು ಹೊರಿಸಿದ ಒಬ್ಬ ‘ನೆಟ್ ಸಾ’ಗಾಗಿ ಅವರು ಆ ಮರ ಬಿಟ್ಟುಕೊಟ್ಟರು. ಮೇಡಂ, ಮಾನಪತ್ರವನ್ನು ತಿದ್ದಿಸಬೇಕು. ಶಿವಯ್ಯನವರೇ, ಮರ ಕಡಿಯುವವರು ಹಿಂದಿನ ಸಾಲಿನಲ್ಲೇ ಕೂತಿದ್ದಾರೆ, ನಾಳೆ ಬರುವುದು ಬೇಡ ಎಂದು ನೀವೇ ಹೇಳಿ. ರಂಗರಾಜು ಸಾರ್, ನನ್ನ ತಪ್ಪಿಗೆ ನೀವು ಏನು ತೀರ್ಮಾನ ಮಾಡುತ್ತೀರೋ ಅದನ್ನು ತಲೆಬಾಗಿ ಒಪ್ಪುತ್ತೇನೆ. ರಾಚಮ್ಮನವರ ಮಾಳಿಗೆ ಮೇಲೆ ಡಿಶ್ಶಿನ ಕಂಬ ನಿಲ್ಲಿಸುವಷ್ಟು ದಿನ ಮಾತ್ರ ತಡೆಯಿರಿ. ಅದನ್ನು ನಾನೇ ನಿಲ್ಲಿಸಬೇಕು.

ನನ್ನ ನಾಲ್ಕನೆಯ ಹಾಳೆಯಲ್ಲಿ ವಂದನೆ ಹೇಳಬೇಕಾದವರ ಪಟ್ಟಿ ಇದೆ. ನನ್ನ ಮಾತನ್ನು ತಾಳ್ಮೆಯಿಂದ ಕೇಳಿದ ತಮ್ಮೆಲ್ಲರಿಗೂ, ಈ ಅವಕಾಶ ಕೊಟ್ಟ ಶಾಲೆಗೂ ಹೃತ್ಪೂರ್ವಕ ಧನ್ಯವಾದಗಳು. ರಾಚಮ್ಮನವರ ಹೆಸರೂ ಪಟ್ಟಿಯಲ್ಲಿದೆ. ಆದರೆ ಅವರಿಗೆ ಹೇಳಬೇಕಾದ್ದನ್ನು ಮೈಕಿನಲ್ಲಿ ಹೇಳಲಾರೆ. ಈಗ ಅವರು ಕೂತಿರುವ ಕುರ್ಚಿಯ ತನಕ ನಡೆದುಹೋಗಿ, ಕಾಲು ಮುಟ್ಟಿ, ಅವರಿಗೆ ಮಾತ್ರ ಕೇಳಿಸುವಂತೆ ಹೇಳುತ್ತೇನೆ. ಉಳಿದ ಎಲ್ಲರಿಗೂ ಇಲ್ಲಿಂದಲೇ ನಮಸ್ಕಾರ.